ಟೇಬಲ್ ಫ್ಯಾನಿಗೆ ಐದಕ್ಕೆ ಐದು

ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕೋ ಬೇಡವೋ ಎಂದು ಹೆಂಡತಿಯನ್ನು ಎರಡು ಸಲ ಕೇಳಿ ತೀರ್ಮಾನಿಸುವ ನನ್ನ ಕೈಗೆ ನಮ್ಮ ಕಂಪನಿಯವರು ಹನ್ನೊಂದು ಜನರ ಹಣೆಬರಹ ಕೊಟ್ಟಿದ್ದಾರೆ. ನಾನು ಮ್ಯಾನೇಜರ್. ವರ್ಷದ ಹನ್ನೊಂದು ತಿಂಗಳು ಈ ಕೆಲಸ ಅಂಥ ಕಷ್ಟವೇನಲ್ಲ; ಮೀಟಿಂಗಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತು, ಕೊನೆಯಲ್ಲಿ "ಇದನ್ನ ಆಮೇಲೆ ನೋಡೋಣ" ಅಂದರೆ ಸಾಕು. ಹನ್ನೆರಡನೆಯದು ಮಾರ್ಚ್. ಬೆಂಗಳೂರಿನ ರಸ್ತೆಗಳಲ್ಲಿ ತಬೂಬಿಯಾ ಮರಗಳು ಗುಲಾಬಿ ಬಣ್ಣ ಉದುರಿಸುತ್ತಿರುವಾಗ ಗಾಜಿನ ಕಟ್ಟಡಗಳೊಳಗೆ ಮನುಷ್ಯರ ಮುಖದ ಬಣ್ಣ ಉದುರುವ ಕಾಲ. ಅದಕ್ಕೆ ಅಪ್ರೈಸಲ್ ಎಂದು ಹೆಸರು.

ನಮ್ಮಲ್ಲಿ ಒಂದರಿಂದ ಐದರವರೆಗೆ ಅಂಕ. ಎಲ್ಲರಿಗೂ ನಾಲ್ಕು ಕೊಟ್ಟು ಪುಣ್ಯ ಕಟ್ಟಿಕೊಳ್ಳೋಣವೆಂದರೆ ಬೆಲ್ ಕರ್ವ್ ಎಂಬ ಗಂಟೆ ಅಡ್ಡ ಬರುತ್ತದೆ. ಹನ್ನೊಂದರಲ್ಲಿ ಒಬ್ಬರು ಐದು ಆಗಲೇಬೇಕು, ಒಬ್ಬರು ಎರಡು ಆಗಲೇಬೇಕು. ಹನ್ನೊಂದೂ ಜನ ಜೀವ ತೇಯ್ದು ದುಡಿದಿದ್ದರೂ ಅವರಲ್ಲೊಬ್ಬರು ಕೆಟ್ಟದಾಗಿ ದುಡಿದಿರಲೇಬೇಕೆಂಬುದು ಗಂಟೆಯ ನ್ಯಾಯ. ಆ 'ಎರಡು' ಯಾರೆಂದು ಹುಡುಕಿ, ಗಾಜಿನ ಕೋಣೆಗೆ ಕರೆದು, ಮುಖ ನೋಡಿ ಹೇಳಬೇಕಾದವನು ನಾನು.

ಹೋದ ವರ್ಷ ಹೇಳಿದ್ದೆ. ಅಂದರೆ, ಹೇಳಲು ಕೂತಿದ್ದೆ. ಮೊದಲ ಹತ್ತು ನಿಮಿಷ ಹವಾಮಾನ, ಆಮೇಲೆ ಹತ್ತು ನಿಮಿಷ ಮೆಟ್ರೋ, ಆಮೇಲೆ ಅವನ ತಾಯಿಯ ಮಂಡಿನೋವು. ಕೊನೆಗೆ ಅವನೇ ಕರುಣೆ ತೋರಿ "ನನಗೆ ಎರಡಾ ಸರ್?" ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಅವನೇ ಎದ್ದು ಹೋಗಿ ಒಂದು ಲೋಟ ನೀರು ತಂದು ಕೊಟ್ಟು "ಹೋಗ್ಲಿ ಬಿಡಿ ಸರ್, ಮನಸ್ಸಿಗೆ ಹಚ್ಚಿಕೋಬೇಡಿ" ಎಂದು ಸಮಾಧಾನ ಮಾಡಿದ. ಗಾಜಿನ ಕೋಣೆಯಾದ್ದರಿಂದ ಇಡೀ ಫ್ಲೋರು ನೋಡಿತು. ನನ್ನ ಕೆಲಸವೇ ಹೋಯಿತೆಂದು ಇಬ್ಬರು ಬಂದು ಕೈಕುಲುಕಿ ಹೋದರು.

ಹೀಗಿರುವಾಗ ಈ ವರ್ಷ ಕಂಪನಿ ಒಂದು ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ತಂದಿತು. ನನ್ನ ಸಹಜ ಬುದ್ಧಿಮತ್ತೆಯ ಸಾಧನೆಯನ್ನು ಹತ್ತಿರದಿಂದ ಕಂಡವರೇ ಈ ಖರೀದಿಗೆ ಸಹಿ ಹಾಕಿರಬೇಕು. ಅದಕ್ಕೆ ಎರಡು ಕೆಲಸ: ಎಣಿಸುವುದು ಮತ್ತು ಬಣ್ಣಿಸುವುದು. ಯಾರ ಮೌಸು ಎಷ್ಟು ಹೊತ್ತು ಓಡಾಡಿತು, ಯಾರು ಎಷ್ಟು ಮೆಸೇಜು ಕಳಿಸಿದರು ಎಂದು ಎಣಿಸಿ ಅಂಕ ಕೊಡುತ್ತದೆ. ಮ್ಯಾನೇಜರು ನಾಲ್ಕು ಟಿಪ್ಪಣಿ ಹಾಕಿದರೆ ಅದನ್ನು ಹಿಗ್ಗಿಸಿ ಒಂದು ಪುಟದ ಪತ್ರ ಬರೆಯುತ್ತದೆ. ಕೆಳಗೊಂದು ಹಸಿರು ಗುಂಡಿ: 'ಎಲ್ಲವನ್ನೂ ಅನುಮೋದಿಸು'. ಆ ಗುಂಡಿ ನೋಡಿದಾಗ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. (ಹೆಂಡತಿ ಇದನ್ನು ಓದುವುದಿಲ್ಲ. ನಾನು ಬರೆದದ್ದನ್ನು ಓದಿ ಓದಿ ಸಾಕಾಗಿದೆ ಎಂದಿದ್ದಾಳೆ.)

ಟಿಪ್ಪಣಿಗಳು ನನ್ನ ಹತ್ತಿರ ಇದ್ದವು. ಟೀಮಿನಲ್ಲಿ ಪುಣೆಯವರು, ಚೆನ್ನೈಯವರು, ಭುವನೇಶ್ವರದವರು ಎಲ್ಲ ಇರುವುದರಿಂದ, ಯಾರ ಕಣ್ಣಿಗೆ ಬಿದ್ದರೂ ತಿಳಿಯಬಾರದೆಂದು ವರ್ಷವಿಡೀ ಅಚ್ಚಗನ್ನಡದಲ್ಲಿ ಬರೆದಿಟ್ಟಿದ್ದೆ. ಹಾಗೇ ಎತ್ತಿ ಯಂತ್ರದ ಬಾಯಿಗೆ ಹಾಕಿದೆ. ಯಂತ್ರಕ್ಕೆ ಕನ್ನಡ ಬರುತ್ತದೆ. ಆದರೆ ಪಾಪ, ಕನ್ನಡಿಗರು ಬರುವುದಿಲ್ಲ.

ಒಬ್ಬನ ಬಗ್ಗೆ ನಾನು ಬರೆದಿದ್ದು: 'ದೊಡ್ಡವರು ಬಂದರೆ ಬೆಣ್ಣೆ ಹಚ್ಚುವುದರಲ್ಲಿ ನಿಸ್ಸೀಮ.' ಯಂತ್ರ ಬರೆದಿದ್ದು: 'ಆಹಾರ ತಯಾರಿಯಲ್ಲೂ ಹಿರಿಯರ ಆತಿಥ್ಯದಲ್ಲೂ ಅಸಾಧಾರಣ ಪರಿಣತಿ. ನಾಯಕತ್ವ ತರಬೇತಿಗೆ ಶಿಫಾರಸು ಮಾಡಲಾಗಿದೆ.'

ಇನ್ನೊಬ್ಬಳು ಕಡ್ಡಿ ಗುಡ್ಡ ಮಾಡುವವಳು. ಅದು 'ಅಲ್ಪ ಸಂಪನ್ಮೂಲದಿಂದ ಬೃಹತ್ ಫಲಿತಾಂಶ ತರುವ ಸಾಮರ್ಥ್ಯ' ಆಯಿತು. ಮತ್ತೊಬ್ಬ ಕಾಗೆ ಹಾರಿಸುವವನು. ಅವನಿಗೆ 'ಪಕ್ಷಿಸಂಕುಲದ ಬಗ್ಗೆ ನಿರಂತರ ಕಾಳಜಿ' ಬಂದು ಕಂಪನಿಯ ಪರಿಸರ ಸಮಿತಿಗೆ ಹೆಸರು ಹೋಯಿತು. ಪುಣೆಯವನು ಮುಖ್ಯ ರಿಲೀಸಿನ ದಿನವೇ ಕೈ ಕೊಟ್ಟಿದ್ದ. ಯಂತ್ರ ಬರೆಯಿತು: 'ನಿರ್ಣಾಯಕ ದಿನದಂದು ತಂಡಕ್ಕೆ ಕೈ ನೀಡಿದ್ದಾರೆ. ಸಹಕಾರ ಮನೋಭಾವ ಶ್ಲಾಘನೀಯ.' ಚೆನ್ನೈಯವನ ಬಗ್ಗೆ 'ಎಲ್ಲರ ತಲೆ ತಿನ್ನುತ್ತಾನೆ' ಎಂದಿದ್ದೆ. ಆ ಪತ್ರ ಮಾತ್ರ ಕೆಂಪು ಅಕ್ಷರದಲ್ಲಿತ್ತು. 'ಗಂಭೀರ ವಿಷಯ. ಕೂಡಲೇ ಭದ್ರತಾ ವಿಭಾಗಕ್ಕೆ ತಿಳಿಸಿ.'

ಇವನ್ನೆಲ್ಲ ನಾನು ಆಗಲೇ ಓದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಓದಲಿಲ್ಲ. ಶುಕ್ರವಾರ ಸಂಜೆ, ಮೆಟ್ರೋದಲ್ಲಿ ಸೀಟು ಸಿಗುವ ಹೊತ್ತು ಮೀರುತ್ತಿತ್ತು. ಹಸಿರು ಗುಂಡಿ ಒತ್ತಿದೆ. ಒಟ್ಟು ನಾಲ್ಕು ನಿಮಿಷ. ದರ್ಶಿನಿಯಲ್ಲಿ ವಡೆಗೆ ಸಾಂಬಾರ್ ಡಿಪ್ಪೋ ಸಪರೇಟೋ ಎಂದು ತೀರ್ಮಾನಿಸಲು ನಾನು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಎಲ್ಲರನ್ನೂ ಸೇರಿಸಿ, ಐದಕ್ಕೆ ಐದು ಪಡೆದವನ ಹೆಸರು ಘೋಷಿಸಿದೆ. ನಿಜವಾದ ಹೆಸರು ಇಲ್ಲಿ ಬರೆದರೆ ನಾಳೆ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಶಿರಸಿ ಎಂದಿಟ್ಟುಕೊಳ್ಳಿ, ಅವನ ಊರು ಅದು, ಕೆಲಸ ಮಾಡುವುದೂ ಅಲ್ಲಿಂದಲೇ. ಯಂತ್ರ ಅವನನ್ನು ಬಾಯ್ತುಂಬ ಹೊಗಳಿತ್ತು. ದಿನಕ್ಕೆ ಒಂಬತ್ತು ಗಂಟೆ ಮೌಸು ನಿಂತೇ ಇಲ್ಲವಂತೆ. ಊಟದ ಹೊತ್ತಿನಲ್ಲೂ ಇಲ್ಲ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಒಂದೇ ವೇಗ. 'ಅಪರೂಪದ ಏಕಾಗ್ರತೆ' ಎಂದು ಷರಾ. ಗ್ರಾಫು ಕೆಳಗಿಳಿದದ್ದು ಕರೆಂಟು ಹೋದಾಗ ಮಾತ್ರ.

ನಾನು ಸುಮ್ಮನಿರಬಹುದಿತ್ತು. ಅಭಿಮಾನ ಉಕ್ಕಿ, "ನಿನ್ನ ಶಿಸ್ತಿನ ಗುಟ್ಟು ಏನಪ್ಪ? ಕ್ಯಾಮೆರಾ ಆನ್ ಮಾಡು, ನೀನು ಕೂರೋ ಜಾಗ ಎಲ್ಲರಿಗೂ ತೋರಿಸು" ಎಂದೆ. ಅವನು "ಬೇಡ ಸರ್" ಎಂದ. ವಿನಯ ಎಂದುಕೊಂಡು ಒತ್ತಾಯಿಸಿದೆ.

ಕ್ಯಾಮೆರಾ ತೆರೆಯಿತು. ಮೇಜಿನ ಮೇಲೊಂದು ಹಳೆಯ ಟೇಬಲ್ ಫ್ಯಾನು. ಅದರ ಜಾಲರಿಗೆ ಸುತ್ತಿದ ಬಾಳೆನಾರು. ನಾರಿನ ಇನ್ನೊಂದು ತುದಿಗೆ ಮೌಸು. ಫ್ಯಾನು ಎಡಕ್ಕೆ ಕತ್ತು ತಿರುಗಿಸಿದರೆ ಮೌಸು ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಹನ್ನೊಂದು ಜನ ಮೌನವಾಗಿ ಅದರ ಜೊತೆ ಕತ್ತು ಆಡಿಸಿದೆವು. ಫ್ಯಾನು ಮಾತ್ರ ಯಾವ ಅಹಂಕಾರವೂ ಇಲ್ಲದೆ, 'ವರ್ಷದ ಉದ್ಯೋಗಿ' ಎಂಬ ಸಂಭ್ರಮವನ್ನು ಇಲ್ಲ ಇಲ್ಲ ಎಂದು ನಿರಾಕರಿಸುತ್ತಲೇ ಇತ್ತು.

ನಗು ಬರುವವರಿಗೆ ಇಷ್ಟೇ ಸಾಕು. ನನಗೆ ಉಳಿದದ್ದು ಮಧ್ಯಾಹ್ನ ಕಾದಿತ್ತು.

ನಮ್ಮ ಟೀಮಿನಲ್ಲಿ ದಾವಣಗೆರೆ ಮೇಡಂ ಇದ್ದಾರೆ. ಹೋದ ವರ್ಷ ಹೆರಿಗೆ ರಜೆಗೆ ಹೋಗಿ ಅಕ್ಟೋಬರಿನಲ್ಲಿ ವಾಪಸಾದವರು. ಮಾತು ಕಡಿಮೆ, ಮೆಸೇಜು ಇನ್ನೂ ಕಡಿಮೆ. ಕಷ್ಟದ ಲೆಕ್ಕ ಬಂದರೆ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ, ಶಾಲೆ ಮಕ್ಕಳ ಲಾಂಗ್ ನೋಟ್‌ಬುಕ್ ತೆರೆದು, ಪೆನ್ಸಿಲಿನಲ್ಲಿ ಗೀಚುತ್ತ ಕೂರುತ್ತಾರೆ. ಒಬ್ಬ ಗ್ರಾಹಕರ ಬಿಲ್ಲಿನಲ್ಲಿ ಜಿಎಸ್‌ಟಿ ಎರಡೆರಡು ಸಲ ಬೀಳುತ್ತಿದ್ದುದನ್ನು ಡಿಸೆಂಬರಿನಲ್ಲಿ ಹಿಡಿದದ್ದು ಆ ಪೆನ್ಸಿಲೇ. ನಾಲ್ಕು ಪುಟದ ಲೆಕ್ಕ. ಆ ನಾಲ್ಕು ಪುಟ ತುಂಬುವಷ್ಟು ಹೊತ್ತೂ ಅವರ ಮೌಸು ಅಲುಗಾಡಿರಲಿಲ್ಲ.

ಅವರು ಗಾಜಿನ ಕೋಣೆಗೆ ಬಂದು ಒಂದು ಪ್ರಿಂಟು ಮೇಜಿನ ಮೇಲಿಟ್ಟರು. ಮೇಲೆ ದೊಡ್ಡದಾಗಿ 'ಎರಡು'.

"ಸರ್, ಇದನ್ನ ನೀವಾ ಬರ್ದಿದ್ದು?"

"ಹ್ಞೂಂ ಮತ್ತೆ" ಎಂದೆ. ಗಂಟಲು ಒಣಗಿತ್ತು; ಈ ಸಲ ನೀರು ತಂದುಕೊಡುವ ಲಕ್ಷಣ ಎದುರಿಗೆ ಕಾಣಲಿಲ್ಲ.

"ಹಂಗಾರೆ ಕೊನೇ ಸಾಲು ಓದ್ರಿ."

ಓದಿದೆ. ಪತ್ರ ಮುಗಿದ ಮೇಲೆ, ನನ್ನ ಸಹಿಗಿಂತ ಒಂದಂಗುಲ ಕೆಳಗೆ, ಯಂತ್ರ ನನಗೆ ಕೇಳಿದ್ದ ಪ್ರಶ್ನೆ ಹಾಗೇ ಉಳಿದುಬಿಟ್ಟಿತ್ತು: 'ನೀವು ಬಯಸಿದರೆ ಈ ಪತ್ರಕ್ಕೆ ಇನ್ನಷ್ಟು ಸಹಾನುಭೂತಿ ಸೇರಿಸಬಲ್ಲೆ. ಸೇರಿಸಲೇ?'

"ಸೇರಿಸ್ಲಾ ಅಂತ ಕೇಳೇತಲ್ರಿ ಸರ್," ಎಂದರು ಮೇಡಂ. "ನೀವೇನಂದ್ರಿ?"

ನಾನು ಏನೂ ಅಂದಿರಲಿಲ್ಲ. ಯಂತ್ರಕ್ಕಾದರೂ ಕೇಳಬೇಕೆನಿಸಿತ್ತು, ನನಗೆ ಅದೂ ಅನಿಸಿರಲಿಲ್ಲ.

ಪತ್ರದ ಮಧ್ಯೆ ಇನ್ನೊಂದು ಸಾಲಿತ್ತು: 'ವರ್ಷದ ಮೊದಲರ್ಧದಲ್ಲಿ 26 ವಾರಗಳ ನಿಷ್ಕ್ರಿಯತೆ ಕಂಡುಬಂದಿದೆ.' ಹೆರಿಗೆ ರಜೆ ನಮ್ಮ ದೇಶದಲ್ಲಿ 12 ವಾರವಿದ್ದದ್ದು 2017ರ ತಿದ್ದುಪಡಿಯಲ್ಲಿ 26 ವಾರವಾಯಿತು. ಸಂಸತ್ತು ಹಕ್ಕು ಎಂದು ಬರೆದದ್ದನ್ನು ನನ್ನ ಸಹಿಯ ಮೇಲೆ ನಿಷ್ಕ್ರಿಯತೆ ಎಂದು ಬರೆಯಲಾಗಿತ್ತು. ಎಳೆಗೂಸನ್ನು ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದ ಆರು ತಿಂಗಳನ್ನು ನಿಷ್ಕ್ರಿಯತೆ ಅನ್ನಬೇಕಾದರೆ ಒಂದೋ ಅದು ಯಂತ್ರವಾಗಿರಬೇಕು, ಇಲ್ಲವೇ ಓದದೆ ಸಹಿ ಹಾಕುವ ಗಂಡಸಾಗಿರಬೇಕು. ಇಬ್ಬರೂ ಸೇರಿ ಬರೆದ ಪತ್ರ ಇದು.

"ನಂದೇನೂ ಇಲ್ಲಮ್ಮ, ಸಿಸ್ಟಮ್ ಕೊಟ್ಟಿದ್ದು" ಎಂದು ತೊದಲಿದೆ.

"ಸಿಸ್ಟಮ್ಮಿನ ಕ್ಯಾಬಿನ್ ಯಾವ ಫ್ಲೋರಿನ್ಯಾಗೈತ್ರಿ? ಅಲ್ಲೇ ಹೋಗಿ ಕೇಳ್ತೀನಿ."

ಉತ್ತರ ಇರಲಿಲ್ಲ. ಅವರು ಪ್ರಿಂಟನ್ನು ನೀಟಾಗಿ ಮಡಚಿ ಲಾಂಗ್ ನೋಟ್‌ಬುಕ್ಕಿನೊಳಗಿಟ್ಟುಕೊಂಡು ಹೋದರು. ಅಳಲಿಲ್ಲ, ಕೂಗಾಡಲಿಲ್ಲ. ಅದೇ ತಡೆಯಲಾಗಲಿಲ್ಲ.

ರಾತ್ರಿ ಹೆಂಡತಿಗೆ ಹೇಳಿಕೊಂಡೆ. ಅವಳು ಹೈಸ್ಕೂಲ್ ಟೀಚರು, ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಬರುವವಳು. ಅನ್ನ ಬಡಿಸುತ್ತಲೇ ಕೇಳಿದಳು: "ಎಸ್ಸೆಸ್ಸೆಲ್ಸಿ ಹುಡುಗನಿಗೆ ಮಾರ್ಕ್ಸ್ ಕಡಿಮೆ ಬಂದರೆ ಉತ್ತರ ಪತ್ರಿಕೆಯ ನಕಲು ಕೇಳಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಎಲ್ಲಿ ಕಳೆದರು ಅಂತ ಅವನಿಗೆ ಗೊತ್ತಾಗುತ್ತೆ. ನಿಮ್ಮ ಆಫೀಸಿನಲ್ಲಿ ಮಕ್ಕಳ ತಾಯಿಗೆ ಅಷ್ಟೂ ಇಲ್ವಾ?"

"ಇದು ಹೊಸ ತಂತ್ರಜ್ಞಾನ ಕಣೇ, ನಿನಗೆ ಅರ್ಥವಾಗೋದಿಲ್ಲ."

"ನಿಮಗೆ ಅರ್ಥವಾಗಿದೆಯಾ?"

ಸಾರು ತುಂಬ ಚೆನ್ನಾಗಿದೆ ಎಂದೆ.

ನಿದ್ದೆ ಬರಲಿಲ್ಲ. ನನ್ನಂಥ ಮೂರ್ಖರು ಇನ್ನೆಲ್ಲಾದರೂ ಇದ್ದಾರೆಯೇ ಎಂದು ಹುಡುಕಿದೆ. ಸಮಾಧಾನವಾಗುವಷ್ಟು ಸಿಕ್ಕರು. ಅಮೆಜಾನಿನವರು 2014ರಲ್ಲೇ ಅರ್ಜಿಗಳನ್ನು ಸೋಸುವ ಯಂತ್ರ ಕಟ್ಟಲು ಹೊರಟಿದ್ದರಂತೆ. ಅದಕ್ಕೆ ಹತ್ತು ವರ್ಷದ ಹಳೆಯ ಅರ್ಜಿಗಳನ್ನು ಉಣಿಸಿದರು. ಅರ್ಜಿ ಹಾಕಿದವರಲ್ಲಿ ಬಹುಪಾಲು ಗಂಡಸರು. ಓಹೋ, ಗಂಡಸಾಗಿರುವುದೇ ಅರ್ಹತೆ ಎಂದು ಯಂತ್ರ ಪಾಠ ಕಲಿಯಿತು. ಅರ್ಜಿಯಲ್ಲಿ 'ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ' ಎಂದು ಕಂಡರೆ ಅಂಕ ಕಳೆಯತೊಡಗಿತು. ಸರಿಪಡಿಸಲು ನೋಡಿ, ನಂಬಿಕೆ ಬರದೆ ಕೈಬಿಟ್ಟರು. 2018ರಲ್ಲಿ ಸುದ್ದಿ ಹೊರಬಿತ್ತು. ಯಂತ್ರಕ್ಕೇನು ಹೆಂಗಸರ ಮೇಲೆ ಹಗೆಯೇ? ಮನೆಯ ಹಿರಿಯರು ಮಾಡಿದ್ದನ್ನು ನೋಡಿ ಕಲಿತ ಮಗು ಅದು. ಬೈದರೆ ಹಿರಿಯರನ್ನು ಬೈಯಬೇಕು.

ನ್ಯೂಯಾರ್ಕ್ ನಗರದಲ್ಲಿ ಇಂಥ ಯಂತ್ರದಿಂದ ನೇಮಕವನ್ನೋ ಬಡ್ತಿಯನ್ನೋ ಮಾಡುವವರು ಅದು ಯಾರಿಗೆ ಎಷ್ಟು ಪಕ್ಷಪಾತ ಮಾಡುತ್ತದೆಂದು ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್ ಮಾಡಿಸಬೇಕು. 2023ರ ಜುಲೈಯಿಂದ ಅದು ಜಾರಿಯಲ್ಲಿದೆ. ಯುರೋಪಿಯನ್ ಒಕ್ಕೂಟದ 2024ರ ಕಾಯ್ದೆ ಕೆಲಸಕ್ಕೆ ಸೇರಿಸುವ, ಬಡ್ತಿ ಕೊಡುವ, ತೆಗೆದುಹಾಕುವ ಯಂತ್ರಗಳನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿ, ಮನುಷ್ಯನ ಕಣ್ಗಾವಲು ಇರಲೇಬೇಕೆನ್ನುತ್ತದೆ. ಇಷ್ಟು ಓದಿ ನನಗೆ ಧೈರ್ಯ ಬಂತು. ಮನುಷ್ಯನ ಕಣ್ಗಾವಲು ತಾನೆ? ನಾನಿದ್ದೆನಲ್ಲ! ಗುಂಡಿ ಒತ್ತಿದ್ದು ಮನುಷ್ಯನೇ ಅಲ್ಲವೇ?

ಮುಂದಿನ ಪುಟದಲ್ಲಿ ಆಮ್‌ಸ್ಟರ್‌ಡ್ಯಾಮ್ ಕಾದಿತ್ತು. ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ, ಮೋಸದ ಆರೋಪ ಹೊರಿಸಿ ಕೆಲಸದಿಂದ ತೆಗೆದಿದ್ದ ಊಬರ್ ಚಾಲಕರ ಪ್ರಕರಣ ಬಂದಿತ್ತು. ತೀರ್ಮಾನದಲ್ಲಿ ನಮ್ಮ ಸಿಬ್ಬಂದಿಯೂ ಇದ್ದರು ಎಂದಿತ್ತು ಕಂಪನಿ. ಅಂಥ ಮನುಷ್ಯರ ಪಾತ್ರ ನಾಮಕಾವಾಸ್ತೆಗಿಂತ ಹೆಚ್ಚೇನೂ ಕಾಣಿಸುವುದಿಲ್ಲ ಎಂದು 2023ರ ಏಪ್ರಿಲಿನಲ್ಲಿ ನ್ಯಾಯಾಲಯ ಹೇಳಿತು. ಅದನ್ನು ಓದುವಾಗ ನನ್ನ ಬಲಗೈ ತಾನೇ ಹೊದಿಕೆಯೊಳಗೆ ಸೇರಿಕೊಂಡಿತು.

ದೂರದ ಮಾತೇಕೆ? ನಮ್ಮ ರಾಜ್ಯವೇ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದೆ. ಸಾಮಾನ್ಯವಾಗಿ 14 ದಿನ ಮುಂಚೆ, ಕಾರಣ ಬರೆದು ತಿಳಿಸದೆ ಆ್ಯಪ್ ಕಂಪನಿ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಯಂತ್ರ ಅವರ ಬಗ್ಗೆ ಹೇಗೆ ತೀರ್ಮಾನ ಮಾಡುತ್ತದೆಂದೂ ಹೇಳಬೇಕು. ನಮ್ಮ ಮನೆಗೆ ಇಡ್ಲಿ ತರುವ ಹುಡುಗನಿಗೆ ಕಾನೂನು ಕೊಟ್ಟ ಮರ್ಯಾದೆಯನ್ನು ದಾವಣಗೆರೆ ಮೇಡಂಗೆ ನಾನು ಕೊಟ್ಟಿರಲಿಲ್ಲ.

ಮಾರನೇ ದಿನ ಎಚ್‌ಆರ್ ಬಳಿ ಹೋಗಿ ಎಲ್ಲ ಅಂಕ ವಾಪಸ್ ತೆಗೆದುಕೊಳ್ಳುತ್ತೇನೆಂದೆ. ಅನುಮೋದಿಸುವುದು ಒಂದು ಗುಂಡಿ. ಅನುಮೋದಿಸಿದ್ದು ತಪ್ಪು ಎನ್ನಲು ಏಳು ಫಾರಂ. ಕಾರಣ ಬರೆಯುವ ಜಾಗದಲ್ಲಿ 'ನಾನು ಓದಿರಲಿಲ್ಲ' ಎಂದು ಬರೆದೆ. ಕನಿಷ್ಠ ಇನ್ನೂರು ಪದ ಬೇಕೆಂದು ಫಾರಂ ಹಟ ಹಿಡಿಯಿತು. 'ನಾನು ನಿಜವಾಗಿಯೂ ಓದಿರಲಿಲ್ಲ' ಎಂಬಲ್ಲಿಂದ ಶುರುಮಾಡಿ ಆತ್ಮಚರಿತ್ರೆಯನ್ನೇ ಬರೆದೆ.

ಆಮೇಲೆ ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಅರ್ಧರ್ಧ ಗಂಟೆ ಮಾತಾಡಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಹವಾಮಾನದ ಮಾತು ಎತ್ತಬಾರದೆಂದು ಅಂಗೈ ಮೇಲೆ ಬರೆದುಕೊಂಡಿದ್ದೆ.

ಮೊದಲು ಶಿರಸಿಯವನಿಗೆ ಫೋನ್ ಮಾಡಿ ಗದರಿಸಲು ಬಾಯಿ ತೆರೆದೆ. ಅವನೇ ಹೇಳಿದ: "ಸರ್, ಐದು ನಿಮಿಷ ಮೌಸು ಅಲ್ಲಾಡ್ಲಿಲ್ಲ ಅಂದ್ರೆ ನನ್ನ ಹೆಸರ ಮುಂದೆ ಹಳದಿ ಚುಕ್ಕೆ ಬರ್ತದೆ. ಹಳದಿ ಚುಕ್ಕೆ ಕಂಡ್ರೆ ನೀವು ಫೋನ್ ಮಾಡಿ 'ಎಲ್ಲಿದ್ದೀಯ' ಅಂತೀರಿ. ದಿನಕ್ಕೆ ಏಳೆಂಟು ಸಲ. ಕೋಡು ಬರೀಲಿಕ್ಕೆ ಮುಂಚೆ ಯೋಚನೆ ಮಾಡ್ಲಿಕ್ಕೆ ಟೈಮ್ ಬೇಕಲ್ಲ ಸರ್? ಅದ್ಕೆ ಫ್ಯಾನಿಗೆ ಕಟ್ಟಿ ಅಂಗಳದಲ್ಲಿ ಓಡಾಡ್ತಾ ಯೋಚನೆ ಮಾಡ್ತಿದ್ದೆ." ಅವನ ಕೋಡು ತೆಗೆಸಿ ನೋಡಿದೆ. ಒಳ್ಳೆಯ ಕೋಡೇ. ಫ್ಯಾನು ಯಂತ್ರಕ್ಕೆ ಮೋಸ ಮಾಡಲು ಇಟ್ಟದ್ದಲ್ಲ. ನನ್ನಿಂದ ಕಾಪಾಡಿಕೊಳ್ಳಲು ಇಟ್ಟದ್ದು. ಅಮೆರಿಕದ ದೊಡ್ಡ ಬ್ಯಾಂಕೊಂದು ಕೀಬೋರ್ಡ್ ಓಡಾಟವನ್ನು ಸುಳ್ಳೇ ಸೃಷ್ಟಿಸಿದರೆಂದು 2024ರಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದ್ದನ್ನು ನಾನೂ ಓದಿದ್ದೆ. ಮೌಸನ್ನು ಎಣಿಸಿದವರಿಗೆ ಮೌಸೇ ಸಿಗುತ್ತದೆ ಎಂದು ಆಗ ಹೊಳೆದಿರಲಿಲ್ಲ. ಐದು ಇಳಿಸಿ ಮೂರು ಕೊಟ್ಟೆ. ನಾರು ಬಿಚ್ಚು, ಇನ್ನು ಮೇಲೆ ಫೋನ್ ಮಾಡೋದಿಲ್ಲ ಎಂದೆ.

ಐದು ದಾವಣಗೆರೆ ಮೇಡಂಗೆ ಹೋಯಿತು. ಕ್ಷಮೆ ಕೇಳಿದೆ. "ಇದನ್ನ ನೀವೇ ಹೇಳ್ತಿದ್ದೀರಾ, ಬರೆಸ್ಕೊಂಡು ಬಂದೀರಾ?" ಎಂದು ಕೇಳಿದರು. ಖಾಲಿ ಕೈ ತೋರಿಸಿದೆ. ಅಂಗೈ ಮೇಲೆ 'ಹವಾಮಾನ ಬೇಡ' ಎಂದಿದ್ದುದನ್ನು ಓದಿ ಮೊದಲ ಸಲ ನಕ್ಕರು.

ಇನ್ನು ಗಂಟೆಯ 'ಎರಡು' ಉಳಿದಿತ್ತು. ಅದನ್ನೇ ತೆಗೆಯಿರಿ ಎಂದು ಜಗಳವಾಡಿ ಸೋತೆ. ಪುಣೆಯವನನ್ನು ಕರೆದೆ. ರಿಲೀಸಿನ ದಿನ ನೀನು ಕೈ ಕೊಟ್ಟೆ, ಉಳಿದ ಮೂವರು ರಾತ್ರಿಯಿಡೀ ಕೂತರು, ಅದಕ್ಕೇ ನಿನಗೆ ಎರಡು ಎಂದು ಒಂದೇ ಉಸಿರಿಗೆ ಹೇಳಿದೆ. ನಾನೂ ಅಳಲಿಲ್ಲ, ಅವನೂ ನೀರು ತರಲಿಲ್ಲ. ವಾದ ಮಾಡಿದ, ಕೆಲವಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ನನ್ನ ವಿರುದ್ಧ ಎರಡು ಪುಟದ ದೂರು ಕೊಟ್ಟ. ಓದಿದೆ, ಪೂರ್ತಿ ಓದಿದೆ. ನನ್ನ ಹೆಸರು ಒಂಬತ್ತು ಕಡೆ ಇತ್ತು. ವಿಚಿತ್ರವೆಂದರೆ ನೆಮ್ಮದಿಯಾಯಿತು. ಮನುಷ್ಯನ ಸಂಬಳಕ್ಕೆ ಕೈಹಾಕುವಾಗ, ಬೈಯಬೇಕೆನಿಸಿದರೆ ಬೈಸಿಕೊಳ್ಳಲು ಎದುರಿಗೊಂದು ಮುಖವಾದರೂ ಇರಬೇಕು. ಮ್ಯಾನೇಜರನಿಗೆ ಜಾಸ್ತಿ ಸಂಬಳ ಕೊಡುವುದು ಬಹುಶಃ ಬುದ್ಧಿಗಲ್ಲ, ಆ ಬೈಗುಳಕ್ಕೆ. ಯಂತ್ರಕ್ಕೆ ಎಲ್ಲ ಬರುತ್ತದೆ, ಬೈಸಿಕೊಳ್ಳಲು ಮಾತ್ರ ಬರುವುದಿಲ್ಲ.

ಏಪ್ರಿಲಿನಲ್ಲಿ ನನ್ನ ಅಪ್ರೈಸಲ್ ಬಂತು. ಹನ್ನೊಂದು ಜನರ ಜೊತೆ ಕೂತ ದಿನವನ್ನು ಯಂತ್ರ 'ಐದೂವರೆ ಗಂಟೆ ನಿಷ್ಕ್ರಿಯ' ಎಂದು ದಾಖಲಿಸಿತ್ತು. ನನಗೆ ಎರಡು. ಬಾಸ್ ಕ್ಯಾಬಿನ್ನಿಗೆ ಹೋದೆ. ಅವರು ಸ್ಕ್ರೀನಿನಿಂದ ಕಣ್ಣೆತ್ತದೆ, "ನನ್ನ ಕೈಲಿ ಏನೂ ಇಲ್ಲಪ್ಪ, ಸಿಸ್ಟಮ್ ಕೊಟ್ಟಿದ್ದು" ಎಂದರು.

ಬರುವಾಗ ದಾರಿಯಲ್ಲಿ ಒಂದು ಟೇಬಲ್ ಫ್ಯಾನು ಕೊಂಡೆ. ಈಗ ಅದು ಆಫೀಸಿನಲ್ಲಿ ನನ್ನ ಮೇಜಿನ ಮೇಲಿದೆ. ಟೀಮಿನವರು ಯಾರಾದರೂ "ಸರ್, ಒಂದು ನಿಮಿಷ ಮಾತಾಡಬೇಕಿತ್ತು" ಎಂದು ಬಂದರೆ ಮೌಸನ್ನು ಅದರ ಜಾಲರಿಗೆ ಕಟ್ಟಿ, ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಳ್ಳುತ್ತೇನೆ. ಬಾಳೆನಾರು ಶಿರಸಿಯಿಂದ ಕೊರಿಯರ್‌ನಲ್ಲಿ ಬಂದಿದೆ.